ಮಳೆ ನಕ್ಷತ್ರಗಳ ಐಕಾನ್‌ಗಳಿಗೆ ಸಹಾಯ ಬೇಕು

ನಮಸ್ಕಾರ. ರೈತರಿಗಾಗಿ ಮಾಡುತ್ತಿರುವ ಮೊಬೈಲ್ ಕ್ಯಾಲೆಂಡರಿಗೆ ಅಶ್ವಿನಿಯಿಂದ ವಿಶಾಖದವರೆಗಿನ ಮಳೆಗಳಿಗೆ ಒಂದೊಂದು ಐಕಾನ್ ಬರೆಯುತ್ತಿದ್ದೇನೆ. 13-14 ದಿನಕ್ಕೊಮ್ಮೆ ಮಳೆಯ ಹೆಸರು ಬದಲಾಗುತ್ತದೆ. ಎಲ್ಲಕ್ಕೂ ಮೋಡ, ಹನಿ ಬರೆದರೆ ಅರ್ಥವೇ ಇಲ್ಲ. ರೋಹಿಣಿಗೆ ‘ಓಣಿಯೆಲ್ಲ ಜೋಳ’ ಎಂಬ ಗಾದೆಯಿಂದ ಜೋಳದ ತೆನೆ, ಸ್ವಾತಿಗೆ ಮುತ್ತಿನ ಚಿಪ್ಪು ಹೊಂದಿಕೊಂಡವು. ಪುನರ್ವಸುವಿಗೆ ಗೊರಬು (ಎಲೆ ಹೆಣೆದು ಮಾಡಿದ ಮಳೆಹೊದಿಕೆ) ಹೊದ್ದು, ಬಾಗಿ ನಾಟಿ ಮಾಡುವ ಹೆಂಗಸನ್ನು ಬರೆದೆ. ದೊಡ್ಡದಾಗಿ ನೋಡಿದರೆ ಚೆಂದ. 24 ಪಿಕ್ಸೆಲ್‌ಗೆ ಇಳಿಸಿದರೆ ಮಗುಚಿದ ದೋಣಿಯಂತೆ ಕಾಣುತ್ತದೆ. ಗೊರಬನ್ನು ಬಿಡಲು ಮನಸ್ಸಿಲ್ಲ. ಎಲೆಯ ಹೆಣಿಗೆಯ ಗೆರೆಗಳನ್ನು ತೆಗೆದು ಹೊರರೇಖೆ ಮಾತ್ರ ಉಳಿಸಲೇ, ಕೆಳಗೆ ಎರಡು ಸಸಿ ಸೇರಿಸಲೇ? ಚಿಕ್ಕ ಐಕಾನ್ ಮಾಡಿ ಪಳಗಿದವರು ದಯವಿಟ್ಟು ತಿಳಿಸಿ.

ಮಘಾ, ಹುಬ್ಬ, ಉತ್ತರೆಗೆ ಇನ್ನೂ ಏನೂ ಹೊಳೆದಿಲ್ಲ. ಆ ಮಳೆಗಳಲ್ಲಿ ನಿಮ್ಮ ಹೊಲದಲ್ಲಿ ಕಣ್ಣಿಗೆ ಬೀಳುವುದೇನು? ಊರಿನ ಹೆಸರಿನೊಂದಿಗೆ ಬರೆಯಿರಿ. ಮಲೆನಾಡಿನ ಚಿತ್ರ ಬಯಲುಸೀಮೆಗೆ ಹೊಂದುವುದಿಲ್ಲ.