ಚದುರಿದ ಚುಕ್ಕಿಗಳಿಂದ ಮಾಡಿದ ಮೇಲ್ಮೈ: ಕನ್ನಡದಲ್ಲಿ ಏನನ್ನೋಣ? ನಾಳೆ ಬೆಳಿಗ್ಗೆ ಬೇಕು

ಪಾವಗಡದಿಂದ, ಗುರುವಾರ ಸಂಜೆ 5:40

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅವಸರ ಇದೆ. ನಾಳೆ ಬೆಳಿಗ್ಗೆ 10ಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು.

ನಮ್ಮ ಹೋಬಳಿಯ 38 ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಅಡಿ ಆಳದಲ್ಲಿದೆ ಅಂತ ನಾವು ಕೆಲವರು ಸೇರಿ ಅಳೆದಿದ್ದೇವೆ. ಪ್ರತಿ ಬೋರ್‌ವೆಲ್‌ಗೂ ಮೂರು ಅಂಕಿ: ಅಕ್ಷಾಂಶ, ರೇಖಾಂಶ, ನೀರಿನ ಆಳ. ಇವನ್ನು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮೂರು ಆಯಾಮದ ಚಿತ್ರ ಮಾಡಲು ಹೊರಟೆ. ಮೊದಲು ಅದರಲ್ಲಿ ಮೇಲ್ಮೈ ಬಿಡಿಸುವ ‘ಪ್ಲಾಟ್ ಸರ್ಫೇಸ್’ಗೆ ಕೊಟ್ಟೆ, ಅದು ಒಪ್ಪಲಿಲ್ಲ. ಅದಕ್ಕೆ ಚೌಕ ಚೌಕವಾಗಿ ಜೋಡಿಸಿದ ಅಂಕಿಗಳೇ ಬೇಕು. ಬೋರ್‌ವೆಲ್ ಹಾಗೆ ಸಾಲಾಗಿ ಎಲ್ಲಿರುತ್ತದೆ? ನೀರು ನೋಡುವವರು ಪಾಯಿಂಟ್ ತೋರಿಸಿದ ಕಡೆ ಕೊರೆಸಿರುತ್ತಾರೆ. ಕೊನೆಗೆ ಪೈಥಾನ್‌ನದೇ ಲೆಕ್ಕದ ಸಲಕರಣೆಯಾದ ಸೈಪೈನ ‘ಗ್ರಿಡ್‌ಡೇಟಾ’ದಿಂದ ನಡುವಿನ ಜಾಗದ ಅಂಕಿಗಳನ್ನು ಲೆಕ್ಕ ಹಾಕಿಸಿದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಇಂಟರ್‌ಪೊಲೇಶನ್’ ಅನ್ನುತ್ತಾರೆ. ಉಬ್ಬು ತಗ್ಗು ಇರುವ ಬಣ್ಣದ ಹಾಸಿನ ಹಾಗೆ ಚೆನ್ನಾಗಿ ಬಂತು.

ಇದಕ್ಕೆ ನಾನು ಬರೆದ ಶೀರ್ಷಿಕೆ ‘ವಿಕೀರ್ಣ ದತ್ತಾಂಶ ಬಿಂದುಗಳಿಂದ ಅಂತರ್ವೇಶಿತ ಅಂತರ್ಜಲ ಮೇಲ್ಮೈ’. ಅಮ್ಮನಿಗೆ ಓದಿ ಹೇಳಿದೆ. ‘ಜಲ’ ಒಂದು ಬಿಟ್ಟು ಏನೂ ತಿಳಿಯಲಿಲ್ಲ ಅಂದರು.

ನನ್ನ ನಿಜವಾದ ಚಿಂತೆ ಬೇರೆ. ಹೋದ ಸಲ ಇಂಥದೇ ಚಿತ್ರ ತೋರಿಸಿದಾಗ ಒಬ್ಬ ರೈತರು ಎರಡು ಬೋರ್‌ವೆಲ್‌ಗಳ ನಡುವಿನ ಜಾಗಕ್ಕೆ ಬೆರಳಿಟ್ಟು, ‘ಇಲ್ಲಿ 300 ಅಡಿಗೆ ನೀರಿದೆ ಅಲ್ವಾ, ಹಾಗಾದರೆ ಕೊರೆಸ್ತೀನಿ’ ಅಂದರು. ಅಲ್ಲಿ ನಾವು ಅಳೆದೇ ಇಲ್ಲ. ಅದು ಬರೀ ಲೆಕ್ಕದಿಂದ ಬಂದ ಅಂಕಿ. ಪದ ಆ ಮಾತನ್ನು ಹೇಳಬೇಕು. ಇದೇ ಚಿತ್ರ ಹೈಸ್ಕೂಲ್ ಮಕ್ಕಳ ಪಾಠದ ಹಾಳೆಗೂ ಹೋಗುತ್ತದೆ.

ಮೈಸೂರಿನಿಂದ, 6:15

ಇದರಲ್ಲಿ ಚರ್ಚೆಗೆ ಏನಿದೆ? ಇಂಟರ್‌ಪೊಲೇಶನ್‌ಗೆ ‘ಅಂತರ್ವೇಶನ’ ಸರಿಯಾದ ಪದ. ಹಿಂದಿಯಲ್ಲೂ ಅದೇ. ‘ಮೇಲ್ಮೈ’ ಹತ್ತನೇ ತರಗತಿ ಗಣಿತದಲ್ಲೇ ಇದೆ, ‘ಮೇಲ್ಮೈ ವಿಸ್ತೀರ್ಣ’ ಅಂತ. ‘ವಿಕೀರ್ಣ’ ಬೇಡ, ‘ಚದುರಿದ’ ಸಾಕು. ‘ದತ್ತಾಂಶ’ ಅನ್ನುವುದೂ ಒಂದು ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ. ಈಗ ಮಕ್ಕಳು ಸಲೀಸಾಗಿ ಬರೆಯುತ್ತಾರೆ. 30 ವರ್ಷ ಪಾಠ ಮಾಡಿದ್ದೇನೆ. ಪದ ಕಷ್ಟ ಅಂತ ಗಣಿತ ಬಿಟ್ಟ ಮಗುವನ್ನು ನಾನು ನೋಡಿಲ್ಲ.

ಧಾರವಾಡದಿಂದ, 6:50

ಮೂಲಕ್ಕೆ ಹೋಗೋಣ. ‘ಇಂಟರ್‌ಪೊಲೇಶನ್’ ಲ್ಯಾಟಿನ್‌ನ ‘ಇಂಟರ್‌ಪೊಲಾರೆ’ಯಿಂದ ಬಂದದ್ದು. ಹಳೆಯದನ್ನು ತಿಕ್ಕಿ ಹೊಸದರಂತೆ ಮಾಡುವುದು, ತಿದ್ದಿ ಬದಲಿಸುವುದು ಅದರ ಅರ್ಥ. ಹಳೆಯ ಬರಹದ ನಡುವೆ ಬೇರೆಯವರು ಸಾಲು ಸೇರಿಸುವುದಕ್ಕೂ ಅದೇ ಹೆಸರು ಬಂತು. ಗಣಿತದವರು ಅದನ್ನು ಎತ್ತಿಕೊಂಡದ್ದು 17ನೇ ಶತಮಾನದಲ್ಲಿ. ಕಾವ್ಯದಲ್ಲಿ ಆಮೇಲೆ ಯಾರೋ ಸೇರಿಸಿದ ಪದ್ಯಕ್ಕೆ ನಾವು ‘ಪ್ರಕ್ಷಿಪ್ತ’ ಅನ್ನುತ್ತೇವೆ. ಹಾಗಾಗಿ ‘ಪ್ರಕ್ಷೇಪ’ವೇ ತಕ್ಕ ಪದ. ಪಾವಗಡದವರ ಚಿಂತೆಗೂ ಇದು ಹೊಂದುತ್ತದೆ. ಪ್ರಕ್ಷಿಪ್ತ ಅಂದರೆ ಮೂಲದಲ್ಲಿ ಇಲ್ಲದ್ದು.

ಬೆಂಗಳೂರಿನಿಂದ, 7:05

ಪ್ರಕ್ಷೇಪ ಖಂಡಿತ ಬೇಡ. ಭೂಗೋಳದಲ್ಲಿ ‘ನಕ್ಷಾ ಪ್ರಕ್ಷೇಪ’ ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಬಗೆ. ಇವರ ಹಾಳೆಯಲ್ಲೇ ಅಕ್ಷಾಂಶ ರೇಖಾಂಶ ಇವೆ. ಒಂದೇ ಹಾಳೆಯಲ್ಲಿ ಒಂದು ಪದಕ್ಕೆ ಎರಡು ಅರ್ಥ ಆಗುತ್ತದೆ.

ನಾನು ದಿನಾ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ಪದ ಹುಡುಕುವ ಮೊದಲು ಯಂತ್ರ ಏನು ಮಾಡುತ್ತದೆ ನೋಡಿ. ಒಂದು ದಾರಿ ತ್ರಿಕೋನದ್ದು. ಹತ್ತಿರದ ಮೂರು ಮೂರು ಚುಕ್ಕಿ ಸೇರಿಸಿ ತ್ರಿಕೋನ ಹಾಕುತ್ತದೆ. ಆ ಮೂರರ ಮೇಲೆ ಹಾಯುವ ವೃತ್ತದ ಒಳಗೆ ಬೇರೆ ಚುಕ್ಕಿ ಬೀಳಬಾರದು. ಇದು ಡೆಲೊನೆ ಅನ್ನುವ ರಷ್ಯದ ಗಣಿತಜ್ಞ 1934ರಲ್ಲಿ ಕೊಟ್ಟದ್ದು. ಆಮೇಲೆ ಪ್ರತಿ ತ್ರಿಕೋನದ ಮೇಲೂ ಓರೆಯಾಗಿ ಒಂದು ಹಲಗೆ ಇಟ್ಟ ಹಾಗೆ. ಇನ್ನೊಂದು ದಾರಿ ದೂರದ್ದು. ಹತ್ತಿರದ ಬೋರ್‌ವೆಲ್ ಮಾತಿಗೆ ತೂಕ ಜಾಸ್ತಿ, ದೂರದ್ದಕ್ಕೆ ಕಡಿಮೆ. 1968ರಲ್ಲಿ ಶೆಪರ್ಡ್ ಬರೆದದ್ದು. ಚಿತ್ರ ಬಿಡಿಸುವ ಇನ್ನೊಂದು ತಂತ್ರಾಂಶ ಗ್ನೂಪ್ಲಾಟ್‌ನ ‘ಡಿಗ್ರಿಡ್3ಡಿ’ಯಲ್ಲೂ ದೂರಕ್ಕೆ ತಕ್ಕ ತೂಕವೇ. ಮೂರನೆಯದು ಕ್ರಿಗಿಂಗ್. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಅಲ್ಲಲ್ಲಿ ಕೊರೆದು ತೆಗೆದ ಮಾದರಿಗಳಿಂದ ನಡುವಿನ ಅದಿರನ್ನು ಲೆಕ್ಕ ಹಾಕಲು ಡ್ಯಾನಿ ಕ್ರಿಗೆ ಎಂಬ ಎಂಜಿನಿಯರ್ 1951ರಲ್ಲಿ ಶುರು ಮಾಡಿದ್ದು. ಹೆಸರಿಟ್ಟದ್ದು ಫ್ರಾನ್ಸಿನ ಗಣಿತಜ್ಞ ಮಾಥೆರೋನ್. ಈ ದಾರಿಯಲ್ಲಿ ಅಂಕಿಯ ಜೊತೆ ‘ಇಷ್ಟು ತಪ್ಪಿರಬಹುದು’ ಅನ್ನುವುದೂ ಬರುತ್ತದೆ.

ಮೂರರಲ್ಲೂ ನಡೆಯುವುದು ಒಂದೇ: ಅಂದಾಜು. ಹಾಗಂತಲೇ ಬರೆಯಿರಿ.

ಪಾವಗಡದವರು ಇನ್ನೊಂದು ಗಮನಿಸಿ. ತುದಿಯ ಬೋರ್‌ವೆಲ್‌ಗಳಿಗೆಲ್ಲ ಸುತ್ತ ಒಂದು ದಾರ ಬಿಗಿದರೆ ಒಂದು ಬೇಲಿ ಆಗುತ್ತದಲ್ಲ, ಅದರಾಚೆಗೆ ‘ಗ್ರಿಡ್‌ಡೇಟಾ’ದ ತ್ರಿಕೋನದ ದಾರಿ ಏನನ್ನೂ ಕೊಡುವುದಿಲ್ಲ, ಖಾಲಿ ಬಿಡುತ್ತದೆ. ‘ನಿಯರೆಸ್ಟ್’ ಅಂತ ಆರಿಸಿದರೆ ಎಲ್ಲಕ್ಕಿಂತ ಹತ್ತಿರದ ಚುಕ್ಕಿಯ ಅಂಕಿಯನ್ನೇ ಹಾಕಿ ಆಚೆಗೂ ಬಣ್ಣ ತುಂಬುತ್ತದೆ. ದಯವಿಟ್ಟು ತುಂಬಿಸಬೇಡಿ.

ಪುತ್ತೂರಿನಿಂದ, 7:40

‘ಅಂದಾಜು’ ಪಾರಸಿಯಿಂದ ಬಂದದ್ದು. ‘ಅಂತರ್ವೇಶನ’ ಸಂಸ್ಕೃತ. ನಮ್ಮಲ್ಲಿ ಮಾತಿಲ್ಲವೆ?

ಚುಕ್ಕಿ ಇದೆ, ಬಿಂದು ಯಾಕೆ? ಚದುರು ಇದೆ. ಚೌಕದ ಜೋಡಣೆಗೆ ‘ಹಂದರ’ ಅನ್ನಿ. ಮಲ್ಲಿಗೆ ಬಳ್ಳಿ ಹಬ್ಬಿಸಲು ಕಡ್ಡಿ ಕಟ್ಟುವುದಿಲ್ಲವೆ, ಅದೇ ಆಕಾರ. ಹಾಲಿಗೆ ‘ಪಾಲ್’ ಇದ್ದ ಹಾಗೆ ಹಂದರಕ್ಕೂ ಹಿಂದೆ ಪಕಾರವೇ. ತಮಿಳಿನಲ್ಲಿ ಈಗಲೂ ಪಂದಲ್. ಕ್ರಿಯೆಗೆ ‘ಸಂದುತುಂಬು’, ಹೆಸರಿಗೆ ‘ಸಂದುತುಂಬಿಕೆ’. ಎರಡು ಚುಕ್ಕಿಯ ನಡುವಿನ ಸಂದನ್ನು ತುಂಬುವುದು. ಇಷ್ಟು ನೇರವಾದ ಪದ ಬೇರೆ ಭಾಷೆಯಲ್ಲಿ ಸಿಗದು. ಕೇಳಿದ ಕೂಡಲೇ ತಿಳಿಯುವ ಪದ ಕೈಯಲ್ಲಿರುವಾಗ ಸಾಲ ತರುವುದನ್ನು ನಾನು ಒಪ್ಪುವುದಿಲ್ಲ.

ಮೈಸೂರಿನಿಂದ, 7:52

‘ಸಂದು’ ಸಂಸ್ಕೃತದ ‘ಸಂಧಿ’ಯ ತದ್ಭವ. ನಿಮ್ಮ ಅಚ್ಚಗನ್ನಡ ಮೊದಲ ಹೆಜ್ಜೆಯಲ್ಲೇ ಮುಗಿಯಿತು.

ತುಮಕೂರಿನಿಂದ, 8:10

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ‘ಸಂದು’ ಅಂದ ಕೂಡಲೇ ಸುಮ್ನೆ ಇರಲು ಆಗಲಿಲ್ಲ.

ರಂಗೋಲಿಯಲ್ಲಿ ‘ಸಂದು ಚುಕ್ಕಿ’ ಅಂತಲೇ ಇದೆ. ಒಂದು ಸಾಲಿನ ಎರಡು ಚುಕ್ಕಿಯ ಸಂದಿಗೆ ನೇರವಾಗಿ ಮುಂದಿನ ಸಾಲಿನ ಚುಕ್ಕಿ ಇಡುವುದು. ‘7ರಿಂದ 4, ಸಂದು ಚುಕ್ಕಿ’ ಅಂದರೆ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿ ಸಂದಿನಲ್ಲಿ ನಿಜವಾಗಿ ಚುಕ್ಕಿ ಇಡುತ್ತೇವೆ. ಪಾವಗಡದವರ ಚಿತ್ರದಲ್ಲಿ ಸಂದಿನಲ್ಲಿ ಏನೂ ಇಲ್ಲ, ಅದೇ ಅವರ ಚಿಂತೆ. ‘ಸಂದುತುಂಬಿಕೆ’ ಅಂದರೆ ಅಲ್ಲೂ ಅಳತೆ ತೆಗೆದು ತುಂಬಿದ ಹಾಗೆ ಕೇಳಿಸುತ್ತದೆ.

ಮಕ್ಕಳಿಗೆ ಬೇಕಾದರೆ ಹೀಗೆ ಹೇಳಬಹುದು. ಚೌಕದ ಜೋಡಣೆ ಅಂದರೆ ಚುಕ್ಕಿ ಇಟ್ಟ ರಂಗೋಲಿ. ಚದುರಿದ ಚುಕ್ಕಿ ಅಂದರೆ ಮುಸುರೆ ತೊಳೆದ ಜಾಗದಲ್ಲಿ ಸಿಡಿದ ಹನಿ. ಮೊದಲನೆಯದರಲ್ಲಿ ಯಾವ ಚುಕ್ಕಿಗೆ ಯಾವುದು ನೆರೆ ಅಂತ ಮೊದಲೇ ಗೊತ್ತು. ಎರಡನೆಯದರಲ್ಲಿ ಹುಡುಕಬೇಕು. ತ್ರಿಕೋನ ಹಾಕುವುದು ಆ ನೆರೆ ಹುಡುಕಲಿಕ್ಕೇ ಅಲ್ವಾ?

ಪುತ್ತೂರಿನಿಂದ, 8:35

ಮೈಸೂರಿನ ಮೇಷ್ಟ್ರೇ, ತದ್ಭವವನ್ನು ನಾನು ಯಾವತ್ತೂ ಹೊರಗಿಟ್ಟಿಲ್ಲ. 13ನೇ ಶತಮಾನದ ಆಂಡಯ್ಯ ಕಾವ್ಯ ಬರೆದದ್ದು ತತ್ಸಮ ಬಿಟ್ಟು. ತದ್ಭವ ಬಿಟ್ಟಿಲ್ಲ. ವ್ಯಾಕರಣ ಬರೆದ ಕೇಶಿರಾಜ ಅಪಭ್ರಂಶಕ್ಕೆ, ಅಂದರೆ ತದ್ಭವಕ್ಕೆ, ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ನಮ್ಮ ನಾಲಿಗೆಗೆ ಒಗ್ಗಿದ್ದು ನಮ್ಮದು. ‘ಅಂತರ್ವೇಶನ’ ಎಂದಾದರೂ ಒಗ್ಗೀತೇ? ಆ ರೇಫವನ್ನು ಪಾವಗಡದ ಸಂತೆಯಲ್ಲಿ ಒಬ್ಬರ ಬಾಯಲ್ಲಿ ಹೇಳಿಸಿ ನೋಡೋಣ.

ತುಮಕೂರಿನವರ ರಂಗೋಲಿಯ ಮಾತು ಒಪ್ಪಿದೆ. ತುಂಬಿಕೆ ಬೇಡ.

ಬೆಂಗಳೂರಿನಿಂದ, 8:41

ನಾಲಿಗೆಗೆ ಒಗ್ಗಿದ್ದು ನಮ್ಮದು ಅಂತ ನೀವೇ ಅಂದಿರಿ. ಹಾಗಾದರೆ ‘ಅಂದಾಜು’ ಯಾಕೆ ಹೊರಗೆ? ಅಡಿಕೆ ಚೇಣಿ (ಫಸಲಿನ ಗುತ್ತಿಗೆ) ಮಾತಾಡುವಾಗ ನಿಮ್ಮೂರಲ್ಲಿ ಏನನ್ನುತ್ತಾರೆ? ‘ಅಂದಾಜು ಎಷ್ಟು ಆಗಬಹುದು’ ಅಂತಲೇ ಅಲ್ವಾ? ಸಂಸ್ಕೃತ ಸವೆದು ಬಂದರೆ ಒಳಗೆ, ಪಾರಸಿ ಸವೆದು ಬಂದರೆ ಹೊರಗೆ, ಇದು ಯಾವ ನ್ಯಾಯ? ‘ನಕ್ಷೆ’, ‘ರಸ್ತೆ’, ‘ಜಮೀನು’ ಬಿಟ್ಟು ಒಂದು ದಿನ ಕಂದಾಯ ಇಲಾಖೆಯ ಕಾಗದ ಬರೆಯಿರಿ.

ನನ್ನ ಸಲಹೆ ‘ನಡು ಅಂದಾಜು’. ಬೇಲಿಯಾಚೆಗಿನದ್ದಕ್ಕೆ ‘ಹೊರ ಅಂದಾಜು’. ಎರಡೂ ಒಂದೇ ಮನೆಯ ಪದಗಳಾಗುತ್ತವೆ.

ಮೈಸೂರಿನಿಂದ, 8:50

‘ನಡು ಅಂದಾಜು’ ಅರಿಸಮಾಸ.

ಧಾರವಾಡದಿಂದ, 9:05

ಅಲ್ಲ ಮೇಷ್ಟ್ರೇ. ಅರಿಸಮಾಸದ ದೋಷ ಹೇಳಿರುವುದು ಸಂಸ್ಕೃತವನ್ನು ಕನ್ನಡದ ಜೊತೆ ಸಮಾಸ ಮಾಡಿದಾಗ. ಪಾರಸಿಗೆ ಆ ಸೂತ್ರ ತರಬೇಡಿ. ‘ನಡುರಸ್ತೆ’ ಅಂತ ನೀವೇ ಎಷ್ಟು ಸಲ ಬರೆದಿಲ್ಲ? ನಡು ಕನ್ನಡ, ರಸ್ತೆ ಪಾರಸಿ. ‘ನಡು ಅಂದಾಜು’ ಅದೇ ಅಚ್ಚಿನಲ್ಲಿ ಬಂದದ್ದು. ವಕಾರ ಆಗಮ ಮಾಡಿ ‘ನಡುವಂದಾಜು’ ಅಂತ ಬರೆದರೆ ಇನ್ನೂ ಒಳ್ಳೆಯದು. ನನ್ನ ಪ್ರಕ್ಷೇಪವನ್ನು ಹಿಂದಕ್ಕೆ ತೆಗೆದುಕೊಂಡೆ. ಭೂಗೋಳದ ಬಳಕೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಮೈಸೂರಿನಿಂದ, 9:20

ಸಂತೆಯಲ್ಲಿ ಹೇಳಲು ಬರುವುದಿಲ್ಲ ಅಂತ ಶಾಸ್ತ್ರದ ಪದ ಬಿಡುವುದಾದರೆ ‘ಗುರುತ್ವಾಕರ್ಷಣೆ’ಯನ್ನೂ ಬಿಡಬೇಕು. ಆ ಮಗು ನಾಳೆ ಪಿಯುಸಿಗೆ ಹೋಗುತ್ತದೆ, ಡಿಗ್ರಿಗೆ ಹೋಗುತ್ತದೆ. ಒಂದೊಂದು ಜಿಲ್ಲೆಯ ಹಾಳೆಯಲ್ಲಿ ಒಂದೊಂದು ಪದ ಇದ್ದರೆ ಅದು ಯಾವುದನ್ನು ಹಿಡಿಯಬೇಕು? ನನಗೆ ಸಂಸ್ಕೃತದ ಮೋಹ ಇಲ್ಲ. ಎಲ್ಲ ಕಡೆ ಒಂದೇ ಪದ ಇರಲಿ ಅನ್ನುವ ಆಸೆ ಇದೆ. ಕನ್ನಡದಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಪುಸ್ತಕ ಪುಸ್ತಕಕ್ಕೂ ಪದ ಬದಲಾಗುವುದು ಎಷ್ಟು ಕಷ್ಟ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಪಾವಗಡದಿಂದ, ಶುಕ್ರವಾರ ಬೆಳಿಗ್ಗೆ 9:30

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಕೂತು ಎಲ್ಲ ಓದಿದೆ. ಫೈಲ್ ಈಗ ಕಳಿಸಿದೆ.

ಫ್ಲೆಕ್ಸ್‌ನಲ್ಲಿ ಕ್ರಿಯೆಯ ಹೆಸರನ್ನೇ ಹಾಕಲಿಲ್ಲ. ಶೀರ್ಷಿಕೆ: ‘38 ಬೋರ್‌ವೆಲ್‌ಗಳ ಅಳತೆಯಿಂದ ಅಂದಾಜು ಮಾಡಿದ ನೀರಿನ ಆಳ’. ಕೆಳಗೆ ದೊಡ್ಡ ಅಕ್ಷರದಲ್ಲಿ: ‘ಕಪ್ಪು ಚುಕ್ಕಿ ಇರುವಲ್ಲಿ ಅಳೆದಿದ್ದೇವೆ. ಬರೀ ಬಣ್ಣ ಇರುವಲ್ಲಿ ಅಂದಾಜು. ಬಿಳಿ ಬಿಟ್ಟಲ್ಲಿ ಗೊತ್ತಿಲ್ಲ.’ ಬೆಂಗಳೂರಿನವರು ಹೇಳಿದ ಮೇಲೆ ಬೇಲಿಯಾಚೆ ಬಿಳಿ ಬಿಟ್ಟೆ. ಮೊದಲು ಅಲ್ಲಿ ‘ನಿಯರೆಸ್ಟ್’ ಹಾಕಿ ನೀಲಿ ತುಂಬಿಸಿದ್ದೆ. ಆ ಕಡೆ ಎರಡು ಊರು ಇವೆ. ಒಂದರಲ್ಲೂ ನಾವು ಅಳೆದಿಲ್ಲ. ಕಪ್ಪು ಚುಕ್ಕಿಗಳನ್ನೂ ಈಗಲೇ ಸೇರಿಸಿದ್ದು, ಮೊದಲ ಚಿತ್ರದಲ್ಲಿ ಅವು ಇರಲೇ ಇಲ್ಲ.

ಅಮ್ಮನಿಗೆ ಮತ್ತೆ ಓದಿ ಹೇಳಿದೆ. ‘ಹಾಗಾದರೆ ನಮ್ಮ ತೋಟದ ಹತ್ತಿರ ಅಳೆದಿಲ್ಲ’ ಅಂತ ಬೆರಳಿಟ್ಟು ತೋರಿಸಿದರು. ಅದು ಸರಿ, ಅಳೆದಿಲ್ಲ.

ಮಕ್ಕಳ ಹಾಳೆಗೆ ಇನ್ನೂ ಹತ್ತು ದಿನ ಇದೆ. ಪಾಠದೊಳಗೆ ‘ನಡುವಂದಾಜು’ ಬಳಸುತ್ತೇನೆ. ಕೊನೆಗೆ ಒಂದು ಸಾಲಿನಲ್ಲಿ ‘ಮುಂದಿನ ತರಗತಿಗಳಲ್ಲಿ ಇದನ್ನು ಅಂತರ್ವೇಶನ ಎಂದು ಓದುವಿರಿ’ ಅಂತ ಬರೆಯುತ್ತೇನೆ. ಮೈಸೂರಿನ ಮೇಷ್ಟ್ರ ಮಾತು ನನಗೆ ನಾಟಿದೆ. ಡೆಲೊನೆ, ಕ್ರಿಗಿಂಗ್ ಹಾಗೇ ಇರುತ್ತವೆ. ಗ್ರಿಡ್‌ಗೆ, ಅಂದರೆ ಚೌಕದ ಜೋಡಣೆಗೆ, ‘ಹಂದರ’ ತುಂಬಾ ಹಿಡಿಸಿತು. ನಮ್ಮ ಕಡೆ ದ್ರಾಕ್ಷಿ ಚಪ್ಪರ ನೋಡಿದ ಮಕ್ಕಳಿದ್ದಾರೆ, ಅವರಿಗೆ ತಟ್ಟನೆ ಹೊಳೆಯುತ್ತದೆ.

ಪುತ್ತೂರಿನಿಂದ, 10:05

‘ಅಂದಾಜು’ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ‘ಬಿಳಿ ಬಿಟ್ಟಲ್ಲಿ ಗೊತ್ತಿಲ್ಲ’ ಅನ್ನುವ ಸಾಲು ತುಂಬಾ ಚೆನ್ನಾಗಿದೆ. ಹಾಳೆ ಅಚ್ಚಿಗೆ ಹೋಗುವ ಮುಂಚೆ ನನಗೊಂದು ಪ್ರತಿ ಕಳಿಸಿ, ಓದಿ ತಿದ್ದಿಕೊಡುತ್ತೇನೆ. ಸಂದು ಮತ್ತು ಸಂಧಿಯ ಮಾತು ಇನ್ನೂ ಇದೆ, ಬೇರೆ ಪತ್ರದಲ್ಲಿ ಬರೆಯುವೆ.