ಮೈಟೊಮೈಸಿನ್ ಬಗ್ಗೆ ಕೇಳಿ: ಕಣ್ಣು, ಮೂತ್ರಕೋಶ, ಕಿಮೋ

ವಾಣಿ (ಕ್ಯಾನ್ಸರ್ ವಿಭಾಗದ ಫಾರ್ಮಸಿಸ್ಟ್): ಹೋದ ಸಲ ತುಂಬಾ ಜನ ಕೇಳಿದ್ರಿ, ಅದಕ್ಕೆ ಈ ವಾರ ಮೈಟೊಮೈಸಿನ್-ಸಿ. 1950ರ ದಶಕದಲ್ಲಿ ಜಪಾನಿನಲ್ಲಿ ಸ್ಟ್ರೆಪ್ಟೊಮೈಸಿಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತೆ, ಆಮೇಲೆ ಆ ಜೀವಕೋಶ ಎರಡಾಗೋಕೆ ಆಗಲ್ಲ. ಹಾಗಾಗಿ ಗೆಡ್ಡೆಗೂ ಕೊಡ್ತಾರೆ, ಆಪರೇಷನ್ ಆದ ಜಾಗ ಕಲೆಗಟ್ಟಿ ಮುಚ್ಚಿಕೊಳ್ಳಬಾರದು ಅನ್ನೋ ಕಡೆಗೂ ಹಚ್ತಾರೆ. ವರದಿ ಹಾಕೋರು ಹೆಸರು ಅಳಿಸಿ ಹಾಕಿ.

ಮಂಜುನಾಥ: ಮೇಡಂ, ಮಾವನವರಿಗೆ ಮೂತ್ರಕೋಶದ ಗೆಡ್ಡೆ ಕೆರೆದು ತೆಗೆದ ದಿನವೇ ಟ್ಯೂಬಿನಲ್ಲಿ ಈ ಔಷಧಿ ಬಿಟ್ಟರು. ಮೂತ್ರ ನೀಲಿ-ನೇರಳೆ ಬರ್ತಿದೆ. ಹೆದರಿಕೆ ಆಗ್ತಿದೆ.

ವಾಣಿ: ಅದು ಔಷಧಿಯ ಬಣ್ಣ, ಪುಡಿಯೇ ಹಾಗಿರುತ್ತೆ. ಒಂದೆರಡು ಸಲ ಹೋದರೆ ತಿಳಿಯಾಗುತ್ತೆ. ಕೆಂಪಗೆ ಗಟ್ಟಿ ರಕ್ತ, ಜ್ವರ, ಮೂತ್ರ ಕಟ್ಟಿಕೊಳ್ಳೋದು, ಇವಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಕೂತು ಮೂತ್ರ ಮಾಡಲಿ, ಆಮೇಲೆ ಕೈನೂ ಆ ಜಾಗನೂ ಸೋಪಿನಲ್ಲಿ ತೊಳೆಯಲಿ.

ಗಿರೀಶ್: ಇದನ್ನ ಆಂಟಿಬಯಾಟಿಕ್ ಅಂತಲೇ ಕರೀತಾರೆ. ಹಾಗಾದ್ರೆ ಕ್ಯಾನ್ಸರ್ ಒಂದು ಸೋಂಕೇ ಅಲ್ವಾ? ಈ ಸತ್ಯ ಮುಚ್ಚಿಡ್ತಾರೆ ಅಂತ ನನಗೆ ಮೆಸೇಜು ಬಂದಿದೆ.

ವಾಣಿ: ಅಲ್ಲ. ಸೂಕ್ಷ್ಮಜೀವಿಯಿಂದ ತೆಗೆದದ್ದು ಅಂತ ಆ ಹೆಸರು. ಕೆಮ್ಮಿಗೆ ಕೊಡೋ ಮಾತ್ರೆಗೂ ಇದಕ್ಕೂ ಸಂಬಂಧ ಇಲ್ಲ.

ಶೋಭಾ: ಅಪ್ಪನಿಗೆ ಕಣ್ಣಲ್ಲಿ ಮಾಂಸ ಬೆಳೆದಿತ್ತು, ತೆಗೆಸಿದ್ವಿ. ಲ್ಯಾಬಿಗೆ ಕಳಿಸಿದ್ದರಲ್ಲಿ ಏನೋ ಬಂತು ಅಂತ ಈ ಔಷಧಿಯ ಡ್ರಾಪ್ಸ್ ಕೊಟ್ಟರು. ಒಂದು ವಾರ ಹಾಕಿ ನಿಲ್ಲಿಸಿ ಬನ್ನಿ ಅಂದಿದ್ದರು. ಅಪ್ಪ ಉರಿ ಕಡಿಮೆ ಆಗಿಲ್ಲ ಅಂತ ಫ್ರಿಜ್ಜಿನಲ್ಲಿದ್ದ ಬಾಟಲಿಯನ್ನ ಮುಗಿಯೋವರೆಗೂ ಹಾಕಿಕೊಂಡಿದ್ದಾರೆ, ನಮಗೆ ಗೊತ್ತೇ ಇಲ್ಲ. ಈಗ ಮೂಗಿನ ಕಡೆಯ ಬಿಳಿಭಾಗದಲ್ಲಿ ಬೇಳೆಯಷ್ಟು ಜಾಗ ಬೂದಿ ಬಣ್ಣಕ್ಕೆ ತಿರುಗಿದೆ. ಸುತ್ತ ಕೆಂಪು, ಅಲ್ಲಿ ಮಾತ್ರ ರಕ್ತನಾಳವೇ ಕಾಣಲ್ಲ. ನಾಡಿದ್ದು ಅಪಾಯಿಂಟ್‌ಮೆಂಟ್ ಇದೆ, ಕಾಯಬಹುದಾ?

ಲತಾ: ಶೋಭಾ, ನಮ್ಮ ಅತ್ತೆಗೂ ಹೀಗೇ ಇತ್ತು. ಜೇನು ಹಾಕಿ, ತಂಪಾಗುತ್ತೆ.

ವಾಣಿ: ಲತಾ ಅವರೇ, ದಯವಿಟ್ಟು ಆ ಮಾತು ಅಳಿಸಿ. ಆ ಕಣ್ಣಿಗೆ ಏನೂ ಬೀಳಬಾರದು.

ಶೋಭಾ, ಕಾಯಬೇಡಿ. ಇವತ್ತೇ, ಈಗಲೇ, ಆಪರೇಷನ್ ಮಾಡಿದ ಕಡೆ ಅಥವಾ ಎಮರ್ಜೆನ್ಸಿ ಇರುವ ಯಾವ ಕಣ್ಣಿನ ಆಸ್ಪತ್ರೆಗಾದರೂ ಹೋಗಿ. ನೀವು ಬರೆದದ್ದರಲ್ಲಿ ನನಗೆ ದಿಗಿಲು ಹುಟ್ಟಿಸಿದ್ದು ಕೆಂಪಲ್ಲ, ರಕ್ತನಾಳ ಕಾಣದ ಆ ಬೂದಿ ಜಾಗ. ಈ ಔಷಧಿ ಗಾಯ ಮಾಯಿಸಬೇಕಾದ ಜೀವಕೋಶಗಳನ್ನೂ ಮಲಗಿಸಿಬಿಡುತ್ತೆ. ರಕ್ತ ಹರಿಯದ ಜಾಗದಲ್ಲಿ ಬಿಳಿಭಾಗದ ಗೋಡೆ ತೆಳ್ಳಗಾಗ್ತಾ ಹೋಗಿ ಒಳಗಿನ ಕಪ್ಪು-ನೀಲಿ ಪೊರೆ ಕಾಣಿಸಿಕೊಳ್ಳುತ್ತೆ. ಇನ್ನೂ ಹೋದರೆ ತೂತಾಗುತ್ತೆ. ಅದೇ ಅಂತ ಇಲ್ಲಿ ಕೂತು ನಾನು ಹೇಳಲಾರೆ, ಕಣ್ಣನ್ನ ದೊಡ್ಡದಾಗಿ ತೋರಿಸೋ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಿದವರೇ ಹೇಳಬೇಕು.

ಹಳೆಯ ಕಥೆ ಒಂದಿದೆ. ಕಣ್ಣಿನ ಮಾಂಸಕ್ಕೆ ಇದನ್ನ ಮೊದಲು ಬಳಸಿದ್ದು 1963ರಲ್ಲಿ, ಜಪಾನಿನಲ್ಲೇ. ಆಪರೇಷನ್ ಆದ ಮೇಲೆ ಮನೆಗೆ ಡ್ರಾಪ್ಸ್ ಕೊಟ್ಟು ಕಳಿಸೋ ರೂಢಿ ಬಂತು, ಇಂಥದ್ದೇ ತೊಂದರೆಗಳು ವರದಿಯಾದವು. ಆಮೇಲೆ ಮಾಮೂಲಿ ಮಾಂಸಕ್ಕೆ ಆಪರೇಷನ್ ಟೇಬಲ್ ಮೇಲೇ ಸ್ಪಾಂಜಿನಲ್ಲಿ ಶೇಕಡಾ 0.02ರ ದ್ರಾವಣ ಕೆಲವೇ ನಿಮಿಷ ಇಟ್ಟು ಚೆನ್ನಾಗಿ ತೊಳೆಯೋ ಪದ್ಧತಿ ಬಂತು. ಎಷ್ಟೋ ಕಡೆ ಅದೂ ಬೇಡ ಅಂತ ಕಣ್ಣಿನದೇ ತೆಳುಪೊರೆ ತಂದು ಕೂರಿಸ್ತಾರೆ. ನಿಮ್ಮ ಅಪ್ಪನ ಕೇಸು ಬೇರೆ ಇರಬಹುದು: ಲ್ಯಾಬಿನಲ್ಲಿ ಕಣ್ಣಿನ ಮೇಲ್ಪದರದ ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತ ಬಂದರೆ ಡ್ರಾಪ್ಸೇ ಚಿಕಿತ್ಸೆ ಆಗಬಹುದು. ಆದರೆ ಒಂದು ವಾರ ಹಾಕಿ, ಕಣ್ಣು ಚೇತರಿಸಿಕೊಳ್ಳಲಿ ಅಂತ ಬಿಡುವು ಕೊಟ್ಟು, ಮತ್ತೆ. ಆ ಬಿಡುವೂ ಚಿಕಿತ್ಸೆಯ ಭಾಗವೇ. ಅದಕ್ಕೇ ಲ್ಯಾಬಿನ ಕಾಗದ ಮರೆಯದೆ ಒಯ್ಯಿರಿ.

ಉಜ್ಜಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಬೇಡಿ, ಮನೆಯಲ್ಲಿರೋ ಹಳೆಯ ಸ್ಟೀರಾಯ್ಡ್ ಡ್ರಾಪ್ಸ್ ಬೇಡವೇ ಬೇಡ. ಖಾಲಿ ಬಾಟಲಿಯನ್ನ ಗ್ಲೌಸ್ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಗೊಂಡು ಹೋಗಿ, ಕಸಕ್ಕೆ ಎಸೆಯಬೇಡಿ.

ರವಿ: ಅಮ್ಮನಿಗೆ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಆಪರೇಷನ್‌ನಲ್ಲಿ ಇದನ್ನೇ ಹಚ್ಚಿದ್ದಾರಂತೆ, ಆಗಲೇ ಎರಡು ವರ್ಷ. ಈಗ ಚೆನ್ನಾಗಿದ್ದಾರೆ. ಏನೂ ಭಯ ಇಲ್ಲ ತಾನೆ?

ವಾಣಿ: ಚೆನ್ನಾಗಿದ್ದರೆ ಒಳ್ಳೇದು. ನೀರು ಇಳಿಯೋಕೆ ಮಾಡಿದ ದಾರಿ ಮುಚ್ಚದಿರಲಿ ಅಂತ ಹಚ್ಚಿರ್ತಾರೆ. ಆ ಜಾಗದ ಪದರ ತೆಳು, ವರ್ಷಗಳಾದ ಮೇಲೂ ಸೋಂಕು ತಗಲಬಹುದು. ನೋವು, ಕೆಂಪು, ಪಿಸುರು, ಮಂಜು, ಯಾವುದು ಬಂದರೂ ಅದೇ ದಿನ ತೋರಿಸಿ.

ಮಹೇಶ: ಮೂತ್ರ ನೇರಳೆ ಬಂದರೆ ತೊಂದರೆ ಇದೆಯಾ?

ವಾಣಿ: ಮೇಲೆ ಓದಿ.

ಗಿರೀಶ್: ಮೂತ್ರಕೋಶಕ್ಕೆ ಈ ಔಷಧಿ ಬಿಡೋ ಮುಂಚೆ ಡಾಕ್ಟರುಗಳೇ ಅಡುಗೆ ಸೋಡಾ ಕುಡಿಸ್ತಾರೆ. ಅಂದ್ರೆ ಗುಣ ಮಾಡೋದು ಸೋಡಾನೇ. ಇದಕ್ಕೆ ಉತ್ತರ ಕೊಡಿ.

ಮಂಜುನಾಥ: ಗಿರೀಶ್, ಸುಮ್ನಿರಪ್ಪ. ಇಲ್ಲಿ ಒಬ್ಬರ ಕಣ್ಣು ಹೋಗ್ತಿದೆ.

ಗಿರೀಶ್: ಪ್ರಶ್ನೆ ಕೇಳೋದು ತಪ್ಪಾ? ಗುಂಪು ನಿಮ್ಮಪ್ಪಂದಾ?

ಲತಾ: ಅಪ್ಪನವರೆಗೂ ಹೋಗಬೇಡಿ. ನಾನು ಹೇಳಿದ್ದೂ ಒಳ್ಳೇದಕ್ಕೇ, ಆದರೆ ಎಲ್ಲರೂ ಬೈತೀರಿ.

ವಾಣಿ: ಯಾರೂ ಬೈದಿಲ್ಲ. ಗಿರೀಶ್, ಮೂತ್ರ ಹುಳಿಯಾಗಿದ್ದರೆ ಮೈಟೊಮೈಸಿನ್ ಬೇಗ ಕೆಟ್ಟುಹೋಗುತ್ತೆ. ಅದು ಕೆಡದಿರಲಿ ಅಂತ ಕೆಲವರಿಗೆ ಸೋಡಾ ಕೊಡ್ತಾರೆ. ಗೆಡ್ಡೆಯ ಮೇಲೆ ಕೆಲಸ ಮಾಡೋದು ಔಷಧಿ. ಕಿಡ್ನಿ, ಬಿಪಿ, ಹೃದಯದ ತೊಂದರೆ ಇರೋರು ಈ ಮೆಸೇಜು ನಂಬಿ ಸೋಡಾ ಕುಡಿದರೆ ಅವರನ್ನ ಹೊತ್ತುಕೊಂಡು ಬರೋದು ನೀವಲ್ಲ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಈ ಚರ್ಚೆಯಿಂದ ಎದ್ದು ಹೋಗ್ತೀನಿ.

ಸುನೀತಾ: ಅಕ್ಕನಿಗೆ ಗುದದ್ವಾರದ ಕ್ಯಾನ್ಸರ್, ರೇಡಿಯೇಷನ್ ಜೊತೆ ಇದು ರಕ್ತನಾಳಕ್ಕೆ. ಮೂರು ವಾರ ಆಯ್ತು, ಆರಾಮಾಗಿದ್ದಾಳೆ. ರಕ್ತ ಪರೀಕ್ಷೆ ಬಿಡಬಹುದಾ? ಪ್ಲೇಟ್‌ಲೆಟ್ ಏರಿಸೋ ಕಷಾಯವೂ ಕೊಡ್ತಿದ್ದೀವಿ. ಕೂದಲು ಉದುರುತ್ತಾ?

ವಾಣಿ: ಬಿಡಬೇಡಿ! ಇದರ ಪೆಟ್ಟು ತಡವಾಗಿ ಬೀಳುತ್ತೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಸಾಮಾನ್ಯವಾಗಿ ನಾಲ್ಕನೇ ವಾರದ ಹೊತ್ತಿಗೆ ಕುಸಿಯುತ್ತವೆ, ಎಂಟು ವಾರದವರೆಗೂ ನೋಡಬೇಕು. ಕಷಾಯ ನಿಲ್ಲಿಸಿ. ಮುಖ ಬಿಳಿಚಿ, ಮೂತ್ರ ಕಡಿಮೆಯಾಗಿ, ಕಾಲು ಊದಿದರೆ ಕಿಡ್ನಿ ಮತ್ತು ರಕ್ತಕಣ ಎರಡಕ್ಕೂ ಒಟ್ಟಿಗೆ ಪೆಟ್ಟು ಬೀಳೋ ಅಪರೂಪದ ಗಂಭೀರ ಸಮಸ್ಯೆ ಇರಬಹುದು, ತಕ್ಷಣ ಹೋಗಿ. ಸೂಜಿ ಚುಚ್ಚಿದ ಜಾಗ ವಾರಗಳ ಮೇಲೆ ಕೆಂಪಾಗಿ ಹುಣ್ಣಾದರೂ ತೋರಿಸಿ.

ಪ್ರಕಾಶ್: ಇನ್ಶೂರೆನ್ಸಿನಲ್ಲಿ ಇದು ಬರುತ್ತಾ?

ಮಹೇಶ: ಮಾವನಿಗೆ ಅಂಗೈ ತುಂಬ ಕೆಂಪು ಗುಳ್ಳೆ, ತುರಿಕೆ. ಮೂತ್ರಕೋಶಕ್ಕೆ ಮೂರನೇ ಸಲ ಬಿಟ್ಟ ಮೇಲೆ.

ವಾಣಿ: ಇದಕ್ಕೆ ಅಲರ್ಜಿ ಇರಬಹುದು. ಮುಂದಿನ ಡೋಸಿಗೆ ಮುಂಚೆಯೇ ಡಾಕ್ಟರಿಗೆ ಹೇಳಿ, ಔಷಧಿ ಬಿಟ್ಟ ಮೇಲಲ್ಲ.

ಶೋಭಾ: ಆಸ್ಪತ್ರೆಯಲ್ಲಿದ್ದೀವಿ. ಗೋಡೆ ತೆಳ್ಳಗಾಗಿದೆ, ತೂತಾಗಿಲ್ಲ ಅಂದರು. ಆ ಡ್ರಾಪ್ಸ್ ಇನ್ನು ಬೇಡ ಅಂತ ಹೇಳಿ ಅಡ್ಮಿಟ್ ಮಾಡಿಕೊಂಡಿದ್ದಾರೆ. ಮೇಲೆ ತೇಪೆ ಹಾಕಬೇಕಾ ಅಂತ ನಾಳೆ ನೋಡ್ತಾರಂತೆ.

ಗಿರೀಶ್: ನೋಡಿ, ಔಷಧಿಯಿಂದಲೇ ತಾನೆ ಹೀಗಾಗಿದ್ದು?

ಮಂಜುನಾಥ: ಅಡ್ಮಿನ್, ಇವನನ್ನ ತೆಗೀರಿ.

ವಾಣಿ: ಶೋಭಾ, ಲ್ಯಾಬ್ ವರದಿ ಡಾಕ್ಟರ ಕೈಗೆ ಕೊಟ್ರಾ? ಅದೊಂದು ಹೇಳಿ. ಉಳಿದವರಿಗೆ ನಾನು ಇವತ್ತು ಬರೆಯಲ್ಲ.