ಪೆಮ್ಮಿಕನ್: ಮಟನ್ ಕೊಬ್ಬು ಒಣಗಿಸಿದರೆ ಕಮಟು ವಾಸನೆ ಯಾಕೆ?

ಉಡುಪಿ_ಅಡುಗೆಕೋಣೆ:
ಉತ್ತರ ಅಮೆರಿಕದ ಮೂಲನಿವಾಸಿಗಳ ಪೆಮ್ಮಿಕನ್ (ಒಣಮಾಂಸದ ಪುಡಿಗೆ ಕರಗಿಸಿದ ಕೊಬ್ಬು ಕಲಸಿ ಇಡುವುದು) ಮಟನ್‌ನಲ್ಲಿ ಮಾಡ್ಬೇಕು ಅಂತ ಉಂಟು. ಕೊಬ್ಬು ಸಮೇತ ಸೀಳಿ, ಉಪ್ಪು ಹಚ್ಚಿ, ಟೆರೇಸಲ್ಲಿ ಬಲೆ ಮುಚ್ಚಿ ನಾಲ್ಕು ದಿನ ಒಣಗಿಸಿದ್ದು. ಮಾಂಸ ಗಟ್ಟಿಯಾಯ್ತು, ಕೊಬ್ಬು ಮಾತ್ರ ಅಂಟಂಟು, ಹಳದಿ, ಕಮಟು. ಉಪ್ಪು ಕಡಿಮೆಯಾಯ್ತಾ? ಹಂದಿ ಕೊಬ್ಬು ಆಗ್ತದಾ?

ಬಿಜೈ_ಒಣಕಂಡ:
ಉಪ್ಪಿನ ತಪ್ಪಲ್ಲ. ಕೊಬ್ಬಲ್ಲಿ ಒಣಗಲಿಕ್ಕೆ ನೀರೇ ಹೆಚ್ಚಿಲ್ಲ, ಬಿಸಿಲು ಗಾಳಿಗೆ ಅದು ಕೆಡುವುದು ಅಷ್ಟೆ. ಒಣ ಬೂತಾಯಿ ಮೀನು ಹೊಟ್ಟೆ ಹತ್ತಿರ ಹಳದಿ ತಿರುಗುವುದೂ ಇದಕ್ಕೇ. ಆ ಮಾಂಸ ಬಿಸಾಡಿ.

ತೊಡೆಯ ಮಾಂಸ 1 ಕೆಜಿ ತಗೊಂಡು ಬಿಳಿ ಕೊಬ್ಬೆಲ್ಲ ಬಿಡಿಸಿ. ಒಂದು ಗಂಟೆ ಫ್ರೀಜರಲ್ಲಿಟ್ಟರೆ 4–5 ಮಿ.ಮೀ. ದಪ್ಪಕ್ಕೆ ಸಲೀಸಾಗಿ ಸೀಳಬಹುದು. ಕುದಿಯುವ ಉಪ್ಪುನೀರಿಗೆ ಹಾಕಿ, ದಪ್ಪ ತುಂಡಿನ ನಡುವೆ 71 ಡಿಗ್ರಿ ಆದಮೇಲೆ ಸೋಸಿ. ಆಮೇಲೆ ಡಿಹೈಡ್ರೇಟರಲ್ಲಿ (ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ) 60–65 ಡಿಗ್ರಿಗೆ ಸುಮಾರು 8–10 ಗಂಟೆ. ಬಗ್ಗಿಸಿದರೆ ಚರ್ಮದ ಹಾಗೆ ಮಡಚಬಾರದು, ಹಪ್ಪಳದ ಹಾಗೆ ಲಟಕ್ಕಂತ ಮುರಿಯಬೇಕು. 250 ಗ್ರಾಂ ಆಸುಪಾಸು ಉಳೀತದೆ. ಮಿಕ್ಸಿಯಲ್ಲಿ ನಾರು ನಾರಾಗಿ ಪುಡಿ ಮಾಡಿ.

ಕೊಬ್ಬಿಗೆ ಕಿಡ್ನಿ ಸುತ್ತಲಿನದ್ದೇ ಕೇಳಿ, ಅದು ಗಟ್ಟಿ. ಸಣ್ಣ ಹೆಚ್ಚಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ. ಗುಳ್ಳೆ ಏಳುವುದು ನಿಂತರೆ ನೀರು ಹೋಯ್ತು ಅಂತ ಲೆಕ್ಕ. ಹೊಗೆ ಬರಲಿಕ್ಕೆ ಬಿಡಬೇಡಿ. ಬಟ್ಟೆಯಲ್ಲಿ ಎರಡು ಸಲ ಸೋಸಿ. ಪುಡಿ 250 ಗ್ರಾಂ, ಕೊಬ್ಬು 250 ಗ್ರಾಂ, ತೂಗಿಯೇ ಹಾಕಿ. ಕೈಗೆ ತಡೆಯುವಷ್ಟು ಬಿಸಿಯಲ್ಲಿ ಕಲಸಿ, ತಟ್ಟೆಗೆ ಒತ್ತಿ, ಆರಿದ ಮೇಲೆ ಬರ್ಫಿ ಹಾಗೆ ತುಂಡು ಮಾಡಿ.

ಹಂದಿ ಕೊಬ್ಬು ಬೇಡ. ನಮ್ಮ ಸೆಕೆಗೆ ಮೆತ್ತಗಾಗಿ ಜಿನುಗ್ತದೆ, ಬೇಗ ಕಮಟುತ್ತದೆ. ತೆಂಗಿನೆಣ್ಣೆಯೂ ಬೇಡ, 24 ಡಿಗ್ರಿಗೇ ಕರಗಿ ನೀರಾಗ್ತದೆ.

ಉಡುಪಿ_ಅಡುಗೆಕೋಣೆ:
ಡಿಹೈಡ್ರೇಟರ್ ಇಲ್ಲ, ಓಟಿಜಿ (ಸಣ್ಣ ಕರೆಂಟ್ ಓವನ್) ಉಂಟು. ಶುಂಠಿ ಬೆಳ್ಳುಳ್ಳಿ ಹಾಕಬಹುದಾ?

ಮಲ್ಪೆ_ಕಡಲ್:
ಓಟಿಜಿ ಸಾಕು. ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಆವಿ ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದರೆ ಮಾಂಸ ಬೇಯ್ತದೆ, ಒಣಗುವುದಿಲ್ಲ. ಉರಿ ಜಾಸ್ತಿ ಕೊಟ್ಟರೆ ಮೇಲೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳೀತದೆ.

ಹಸಿ ಶುಂಠಿ ಬೆಳ್ಳುಳ್ಳಿ ಖಂಡಿತ ಬೇಡ ಮಾರಾಯ್ರೆ. ಕೊಬ್ಬಿನ ಒಳಗೆ ಗಾಳಿಯಿಲ್ಲ. ತೇವ ಸಿಕ್ಕಿದರೆ ಬೊಟುಲಿಸಂ (ಜೀವಕ್ಕೇ ಅಪಾಯದ ಆಹಾರವಿಷ) ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದಕ್ಕೆ ವಾಸನೆಯಿಂದ ಗುರುತು ಸಿಗುವುದಿಲ್ಲ. ಕಾಳುಮೆಣಸಿನ ಪುಡಿ ಹುರಿದು ಹಾಕಿ, ಪುನರ್ಪುಳಿಯಾದರೆ (ಕೋಕಂ) ಪುಡಿಯಾಗುವಷ್ಟು ಒಣಗಿಸಿ.

ಮಳೆಗಾಲದಲ್ಲಿ ಇನ್ನೊಂದು: ಪುಡಿ ತೆರೆದಿಟ್ಟರೆ ಬೇಗನೆ ತಣಸು ಹಿಡೀತದೆ. ಕೊಬ್ಬು ಮೊದಲೇ ಕರಗಿಸಿಟ್ಟು, ಮಾಂಸ ಓವನ್ನಿಂದ ತೆಗೆದ ಕೂಡಲೇ ಪುಡಿ ಮಾಡಿ ಕಲಸಿ. ಹಿಂದೆ ಆ ಮೂಲನಿವಾಸಿಗಳು ಹೊರಗಿಟ್ಟು ತಿಂಗಳುಗಟ್ಟಲೆ ತಿಂದದ್ದು ಹೌದು, ಆದರೆ ಅಲ್ಲಿಯ ಒಣ ಚಳಿ ಇಲ್ಲಿಲ್ಲ. ಫ್ರೀಜರಲ್ಲೇ ಇಡಿ.